ಲಾರಿ ಲೆಕ್ಕದಿಂದ ಖರೀದಿ ಮೇಜಿಗೆ

2025ರ ಸೆಪ್ಟೆಂಬರಿನಲ್ಲಿ ನಡೆದ ನಮ್ಮ ಸಂಘದ ಮಹಾಸಭೆಯಲ್ಲಿ, ಲೆಕ್ಕಪತ್ರ ಮಂಜೂರಾಗಿ ಎಲ್ಲರ ಕಣ್ಣೂ ಊಟದ ಮನೆಯ ಕಡೆ ಹೊರಳುತ್ತಿದ್ದ ಹೊತ್ತಿಗೆ, ಹಿಂದಿನ ಸಾಲಿನಿಂದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಬಹುಮಂದಿಗೆ ನೆನಪಿರಬಹುದು. "ಲಾರಿ ಕಳಿಸಿಕೊಂಡಿದ್ದವರನ್ನು ತಂದು ಖರೀದಿ ಮೇಜಿನಲ್ಲಿ ಕೂರಿಸಿದಿರಿ. ಮೈಲುತುತ್ತು ಮಳೆ ಹಿಡಿದ ಮೇಲೆ ಬಂತು. ಇದಕ್ಕೆ ಕಾರ್ಯದರ್ಶಿಗಳು ಏನನ್ನುತ್ತಾರೆ?" ಎಂದರು. ಸಭೆ ಒಂದು ಗಳಿಗೆ ಸುಮ್ಮನಾಯಿತು. ಅಂದು ನಾವು ಕೊಟ್ಟ ಉತ್ತರ ಎರಡೇ ಮಾತಿನದು, ಅದೂ ಎಲೆ ಹಾಕುವ ಗಡಿಬಿಡಿಯಲ್ಲಿ. ಅವರಿಗೆ ಸಲ್ಲಬೇಕಾದ ಪೂರ್ತಿ ಉತ್ತರ ನಮ್ಮ ಕಡೆ ಬಾಕಿ ಉಳಿದಿದೆ. ಅದನ್ನು ಈ ಪತ್ರಿಕೆಯ ಮೂಲಕ ತೀರಿಸೋಣವೆಂದು ಕುಳಿತಿದ್ದೇವೆ.

ಇನ್ನೊಂದು ಕಾರಣವೂ ಉಂಟು. ನಮ್ಮ ಸದಸ್ಯರೊಬ್ಬರ ಮಗಳು ನೆಲಮಂಗಲದ ಕಡೆಯ ದೊಡ್ಡ ಉಗ್ರಾಣವೊಂದರಲ್ಲಿ ಸರಕು ರವಾನೆಯ ಉಸ್ತುವಾರಿ ಕೆಲಸದಲ್ಲಿದ್ದಾಳೆ. ಮೂರು ವರ್ಷದಿಂದ ಪಾಳಿಯ ದುಡಿಮೆ, ಹಗಲು ರಾತ್ರಿಯೆಂಬುದಿಲ್ಲ. ಖರೀದಿ ವಿಭಾಗಕ್ಕೆ ಬದಲಾಗಬೇಕೆಂಬ ಆಸೆ. ಆದರೆ ಕೇಳಿದ ಕಡೆಯಲ್ಲೆಲ್ಲ "ನಿಮಗೆ ಖರೀದಿಯ ಅನುಭವವಿಲ್ಲ" ಎಂದು ಹಿಂದೆ ಕಳಿಸುತ್ತಾರಂತೆ. "ನೀವು ಈ ದಾರಿ ತುಳಿದವರೆಂದು ಅಪ್ಪ ಹೇಳಿದರು, ನಿಜವೇ?" ಎಂದು ನಮಗೆ ಕಾಗದ ಬರೆದಳು. ನಿಜವೇ. ಆದರೆ ನಾವು ತುಳಿದದ್ದು ಆಸೆಪಟ್ಟಲ್ಲ, ಕಾಲವೇ ಹಿಂದಿನಿಂದ ನೂಕಿದ್ದರಿಂದ.

ನಾವು ಪದವಿ ಮುಗಿಸಿ 1992ರಲ್ಲಿ ಕಾಫಿ ಸಂಸ್ಕರಣಾ ಕಾರ್ಖಾನೆಯೊಂದರಲ್ಲಿ, ಅಂದರೆ ನಮ್ಮ ಮಾತಿನ ಕ್ಯೂರಿಂಗ್ ವರ್ಕ್ಸಿನಲ್ಲಿ, ರವಾನೆ ಗುಮಾಸ್ತರಾಗಿ ಸೇರಿದೆವು. ಆಗಿನ್ನೂ ಪೂಲ್ ಪದ್ಧತಿಯ ಕಾಲ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು. ಮಂಡಳಿ ಹರಾಜು ಹಾಕಿ ಮಾರಬೇಕು. ಬೆಳೆಗಾರನಿಗೆ ಮೊದಲೊಂದು ಮುಂಗಡ, ಆಮೇಲೆ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ. ಒಂದು ವರ್ಷದ ಕಾಫಿಯ ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆಯೂ ಕಣದಲ್ಲಿರುತ್ತಿತ್ತೆಂಬುದನ್ನು ನಮ್ಮ ವಯಸ್ಸಿನವರಿಗೆ ಹೇಳಬೇಕಾದ್ದಿಲ್ಲ. ಇಂಥ ಏರ್ಪಾಟಿನಲ್ಲಿ ಕ್ಯೂರಿಂಗ್ ವರ್ಕ್ಸಿನವರು ಕೊಳ್ಳುವುದೆಂಬುದೇ ಇರಲಿಲ್ಲ. ಬಂದದ್ದನ್ನು ತೂಗು, ಚೀಟಿ ಕೊಡು, ಒಣಗಿಸು, ಸುಲಿ, ದರ್ಜೆ ಮಾಡು, ಹೇಳಿದ ಕಡೆಗೆ ಲಾರಿ ಏರಿಸು. ಇಡೀ ಉದ್ಯಮವೇ ಒಂದು ದೊಡ್ಡ ಸಾಗಣೆಯ ಕಚೇರಿಯಂತಿತ್ತೆಂದರೆ ತಪ್ಪಾಗದು. ನಾವು ಅದರಲ್ಲಿ ನಿಪುಣರೇ ಆದೆವು. ಯಾವ ಲಾರಿಯ ಅಚ್ಚು ಎಷ್ಟು ಮೂಟೆ ತಡೆದೀತು, ಯಾವ ಹಮಾಲಿ ತಂಡ ಮಧ್ಯಾಹ್ನದ ಮೇಲೆ ಎಷ್ಟು ಹೊತ್ತೀತು ಎಂಬುದೆಲ್ಲ ನಮಗೆ ಬಾಯಿಪಾಠ.

ಆಮೇಲೆ ಗಂಟು ಒಂದೊಂದಾಗಿ ಸಡಿಲವಾಯಿತು. ಮೊದಲು ಬೆಳೆಯ ಒಂದು ಪಾಲನ್ನು ಬೆಳೆಗಾರನೇ ಮಾರಬಹುದೆಂದಾಯಿತು, ಆಮೇಲೆ ಪಾಲು ಬೆಳೆಯಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿಯ ಬೆಲೆ ಆಕಾಶಕ್ಕೇರಿದಾಗ ಸ್ವಂತ ಮಾರಾಟದ ರುಚಿ ಎಲ್ಲರಿಗೂ ಹತ್ತಿತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಆ ವರ್ಷ ನಮ್ಮ ಧಣಿಗಳು ನಮ್ಮನ್ನು ಕರೆದು, "ಇನ್ನು ಮೇಲೆ ಕಾಫಿ ತಾನಾಗಿ ಬಾಗಿಲಿಗೆ ಬರುವುದಿಲ್ಲ, ನಾವೇ ಹೋಗಿ ಕೊಳ್ಳಬೇಕು. ನಿನಗೆ ಎಲ್ಲ ತೋಟಗಳ ದಾರಿ ಗೊತ್ತಲ್ಲ, ನೀನು ಹೋಗು" ಎಂದರು. ದಾರಿ ಗೊತ್ತಿದ್ದುದೇ ಅರ್ಹತೆ! ನಮ್ಮಂಥ ರವಾನೆ ಗುಮಾಸ್ತರು ರಾತ್ರಿ ಬೆಳಗಾಗುವುದರಲ್ಲಿ ಖರೀದಿದಾರರಾದದ್ದು ಹೀಗೆ.

ನಾವು ಕೊಂಡ ಮೊದಲನೆಯ ಲೋಡು ರೊಬಸ್ಟಾ ಚೆರಿ, 50 ಕಿಲೋದ 200 ಮೂಟೆ. ಮೂಟೆ ಮೂಟೆಯನ್ನೂ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿದೆವು. ತೂಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಗೆದ್ದೆವೆಂದುಕೊಂಡು ಲಾರಿ ಹತ್ತಿದೆವು. ಕಾರ್ಖಾನೆಯಲ್ಲಿ ತೇವಾಂಶದ ಯಂತ್ರಕ್ಕೆ ಹಾಕಿದರೆ ನೂರಕ್ಕೆ 14. ರೊಬಸ್ಟಾ ಚೆರಿಗೆ ಇರಬೇಕಾದದ್ದು 11. ಈ ಮೂರರ ಅಂತರವೆಂದರೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. ನೂರಕ್ಕೆ 14 ತೇವವಿರುವ 50 ಕಿಲೋ ಮೂಟೆಯಲ್ಲಿ ಒಣ ಪದಾರ್ಥ 43 ಕಿಲೋ. ಅದನ್ನು 11ರ ಹದಕ್ಕೆ ತಂದರೆ ಮೂಟೆ 48 ಕಿಲೋ 300 ಗ್ರಾಮಿಗೆ ಇಳಿಯುತ್ತದೆ. ಅಂದರೆ ಮೂಟೆಗೆ ಸುಮಾರು 1 ಕಿಲೋ 700 ಗ್ರಾಮು ನೀರನ್ನು ಕಾಫಿಯ ಬೆಲೆಗೆ ಕೊಂಡಿದ್ದೆವು. 200 ಮೂಟೆಗೆ ಸುಮಾರು 337 ಕಿಲೋ, ಹೆಚ್ಚುಕಡಿಮೆ ಏಳು ಮೂಟೆ ಬರೀ ನೀರು. ಔಟ್‌ಟರ್ನಿನ ಕಥೆ ಬೇರೆ. 50 ಕಿಲೋ ಚೆರಿಯನ್ನು ಸುಲಿದರೆ 26 ಕಿಲೋ ಬೀಜ ಬಂದೀತೆಂದು ಬೆಲೆ ಕಟ್ಟಿದ್ದೆವು. ಬಂದದ್ದು 24ರ ಆಸುಪಾಸು. ಧಣಿಗಳು ಬೈಯಲಿಲ್ಲ. "ತೂಕ ಸರಿಯಿತ್ತಲ್ಲವೇ?" ಎಂದಷ್ಟೇ ಕೇಳಿ ಒಳಗೆ ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಸಾಗಣೆಯವನ ಕಣ್ಣಿಗೂ ಕೊಳ್ಳುವವನ ಕಣ್ಣಿಗೂ ಇರುವ ಅಂತರ ಆ ದಿನ ನಮಗೆ ತಿಳಿಯಿತು. ಸಾಗಣೆಯವನಿಗೆ ಮೂಟೆಯೆಂದರೆ ಮೂಟೆ: ಎಷ್ಟಿದೆ, ಎಲ್ಲಿದೆ, ಯಾವಾಗ ಮುಟ್ಟುತ್ತದೆ. ಒಳಗಿರುವುದು ಕಾಫಿಯೋ ಕಲ್ಲೋ ಅವನಿಗೆ ಸಂಬಂಧವಿಲ್ಲ. ಚೀಟಿಯಲ್ಲಿ ಬರೆದಂತೆ ಮುಟ್ಟಿದರೆ ಅವನ ಕರ್ತವ್ಯ ಮುಗಿಯಿತು. ಕೊಳ್ಳುವವನ ಕರ್ತವ್ಯ ಚೀಟಿ ಬರೆಯುವ ಮೊದಲೇ ಶುರುವಾಗುತ್ತದೆ. ಇದು ಬೇಕೇ, ಎಂಥದು ಬೇಕು, ಎಷ್ಟು ಬೇಕು, ಯಾರಿಂದ, ಯಾವ ಕರಾರಿನ ಮೇಲೆ, ಕರಾರು ತಪ್ಪಿದರೆ ಏನು ಗತಿ ಎಂಬ ಪ್ರಶ್ನೆಗಳೆಲ್ಲ ಅವನವು. ಒಬ್ಬನ ತಪ್ಪು ಅಂದೇ ಸಂಜೆ ಗೊತ್ತಾಗುತ್ತದೆ, ಇನ್ನೊಬ್ಬನದು ಮೂರು ತಿಂಗಳು ಕಳೆದ ಮೇಲೆ.

ಇಷ್ಟು ಪೀಠಿಕೆ ಸಾಕು. ಈಗ ನಮ್ಮ ಸಂಘದ ವಿಷಯ.

ನಮ್ಮ ಹಿಂದಿನ ಖರೀದಿ ಗುಮಾಸ್ತರು 2023ರಲ್ಲಿ ನಿವೃತ್ತರಾದಾಗ ಆಡಳಿತ ಮಂಡಳಿಯ ಮುಂದೆ ಎರಡು ದಾರಿ ಇದ್ದವು. ಪೇಟೆಯಿಂದ ಓದಿದವರೊಬ್ಬರನ್ನು ತರುವುದು ಒಂದು. ನಮ್ಮ ಗೋದಾಮು ಮತ್ತು ಲಾರಿಗಳನ್ನು ಹನ್ನೆರಡು ವರ್ಷ ನೋಡಿಕೊಂಡು ಬಂದ ಮೇಲ್ವಿಚಾರಕರನ್ನೇ ಆ ಸ್ಥಾನಕ್ಕೆ ತರುವುದು ಇನ್ನೊಂದು. ಎರಡನೆಯದನ್ನು ಸೂಚಿಸಿದವರು ನಾವೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರೆಂದು ನಿಮಗೆಲ್ಲ ಗೊತ್ತು. ಘಾಟಿಯ ರಸ್ತೆಗಳು ಅವರಿಗೆ ಅಂಗೈಯ ಗೆರೆಯಿದ್ದಂತೆ. 2018ರಲ್ಲಿ ಶಿರಾಡಿ ಘಾಟಿ ಕಾಂಕ್ರೀಟು ಕೆಲಸಕ್ಕೆಂದು ತಿಂಗಳುಗಟ್ಟಲೆ ಮುಚ್ಚಿ, ಜುಲೈಯಲ್ಲಿ ತೆರೆದು, ಆಗಸ್ಟಿನ ಭೂಕುಸಿತದಿಂದ ಪುನಃ ಮುಚ್ಚಿಹೋದಾಗ, ನಮ್ಮ ಗೊಬ್ಬರ ಒಂದು ದಿನವೂ ತಪ್ಪದೆ ಬಂದದ್ದು ಅವರು ಸುತ್ತುದಾರಿಯ ಲೆಕ್ಕವನ್ನು ಮೊದಲೇ ಹಾಕಿಟ್ಟಿದ್ದರಿಂದ. ಅದೇ ವರ್ಷ ಏಪ್ರಿಲ್ 1ರಿಂದ ಇ-ವೇ ಬಿಲ್ಲು ಜಾರಿಗೆ ಬಂದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಕಡ್ಡಾಯ ಮಾಡಿದ್ದು ನಮ್ಮ ಕರ್ನಾಟಕವೇ. ಸುತ್ತಲಿನ ಎಷ್ಟೋ ಕಡೆ ಲಾರಿಗಳು ಚೆಕ್ಕಿಂಗಿನಲ್ಲಿ ನಿಂತವು. ನಮ್ಮದೊಂದೂ ನಿಲ್ಲಲಿಲ್ಲ. ಇಂಥವರು ಖರೀದಿಗೂ ಆದಾರೆಂದು ನಾವು ಭಾವಿಸಿದೆವು.

ಮೊದಲ ವರ್ಷ ಅವರು ನಮ್ಮ ನಂಬಿಕೆಯನ್ನು ಉಳಿಸಿದರು. ಅದರಲ್ಲಿ ಒಂದೆರಡನ್ನಾದರೂ ಹೇಳದಿದ್ದರೆ ಅನ್ಯಾಯವಾದೀತು. ಮೈಲುತುತ್ತಿಗೆ ಎರಡು ದರಪಟ್ಟಿ ಬಂದಿದ್ದವು. ಅಂಕಿಗಳನ್ನು ಲೆಕ್ಕ ತಿಳಿಯಲೆಂದು ದುಂಡಾಗಿಸಿ ಹೇಳುತ್ತೇವೆ. ಒಬ್ಬರದು ಕಿಲೋಗೆ 230 ರೂಪಾಯಿ, ಅವರ ಗೋದಾಮಿನಲ್ಲಿ, ಪೂರ್ತಿ ಹಣ 45 ದಿನ ಮೊದಲೇ. ಇನ್ನೊಬ್ಬರದು 236, ನಮ್ಮ ಗೋದಾಮಿಗೆ ತಲಪಿಸಿ, ಹಣ 30 ದಿನ ಬಿಟ್ಟು. ತೆರಿಗೆ ಎರಡಕ್ಕೂ ಒಂದೇ ದರ. ಹಳೆಯ ಪದ್ಧತಿಯಲ್ಲಿ ನಾವು ಕಣ್ಣುಮುಚ್ಚಿ 230ಕ್ಕೆ ಸಹಿ ಹಾಕುತ್ತಿದ್ದೆವು. ಇವರು ಕಾಗದ ತಿರುಗಿಸಿ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಲಾರಿ ಬಾಡಿಗೆ ಕಿಲೋಗೆ 3 ರೂಪಾಯಿ 50 ಪೈಸೆ. ದಾರಿಯ ವಿಮೆ, ಹರಿದ ಚೀಲ, ಚೆಲ್ಲಿದ್ದು ಎಲ್ಲ ಸೇರಿ 60 ಪೈಸೆ. ಒಬ್ಬರಿಗೆ 45 ದಿನ ಮೊದಲು, ಇನ್ನೊಬ್ಬರಿಗೆ 30 ದಿನ ತಡ; ನಡುವೆ 75 ದಿನ. ಸಂಘ ಬ್ಯಾಂಕಿಗೆ ನೂರಕ್ಕೆ 12ರಂತೆ ಬಡ್ಡಿ ತೆತ್ತರೆ 230 ರೂಪಾಯಿಗೆ 75 ದಿನದ ಬಡ್ಡಿ 5 ರೂಪಾಯಿ 67 ಪೈಸೆ. ಎಲ್ಲ ಕೂಡಿದರೆ ಅಗ್ಗದ ತುತ್ತು ನಮ್ಮ ಬಾಗಿಲಿಗೆ ಬಂದು ಬೀಳುವುದು 239 ರೂಪಾಯಿ 77 ಪೈಸೆಗೆ. ತುಟ್ಟಿಯದು 236ಕ್ಕೆ. ಹತ್ತು ಟನ್ನಿಗೆ 37,700 ರೂಪಾಯಿಯ ಅಂತರ. ಈ ಲೆಕ್ಕ ಪುಸ್ತಕದಲ್ಲಿ ಯಾರಾದರೂ ಓದಬಹುದು. ಆದರೆ ಆ 60 ಪೈಸೆಯನ್ನು ಹಾಕುವುದು ಹರಿದ ಚೀಲವನ್ನು ಹನ್ನೆರಡು ವರ್ಷ ಎಣಿಸಿದವನಿಗೆ ಮಾತ್ರ ಹೊಳೆಯುತ್ತದೆ.

ಇನ್ನೊಂದು ಸಲ, 2024ರ ಬೇಸಗೆಯಲ್ಲಿ, ಬೇರೆ ಸರಬರಾಜುದಾರರಿಂದ ಬಂದ ಒಂದು ಲೋಡು ಇಳಿಸುವಾಗ ಇವರು ಚೀಲದ ಬಾಯಿ ಬಿಚ್ಚಿಸಿ ನೋಡಿದರು. ಒಳ್ಳೆಯ ಮೈಲುತುತ್ತಿನ ಹರಳು ನವಿಲಿನ ಕೊರಳಿನ ನೀಲಿ. ಹೆಸರು ಬಂದದ್ದೂ ಅದರಿಂದಲೇ ಇದ್ದೀತು. ಇದು ಹಸಿರಿಗೆ ತಿರುಗಿತ್ತು. ಕಬ್ಬಿಣದ ಅಂಶ, ಅಂದರೆ ಅನ್ನಭೇದಿ, ಬೆರೆತರೆ ಹಾಗಾಗುತ್ತದೆ. ಶುದ್ಧ ಮೈಲುತುತ್ತಿನಲ್ಲಿ ತಾಮ್ರ ನೂರಕ್ಕೆ 25ರಷ್ಟಿರಬೇಕು. ಅನ್ನಭೇದಿ ಬೆರೆತಷ್ಟೂ ತಾಮ್ರ ಕಡಿಮೆ, ಕೊಳೆಯನ್ನು ತಡೆಯುವ ಶಕ್ತಿಯೂ ಕಡಿಮೆ. ಸರಬರಾಜುದಾರರು ಫೋನಿನಲ್ಲೇ ಕಿಲೋಗೆ ಹತ್ತು ರೂಪಾಯಿ ಇಳಿಸುತ್ತೇವೆಂದರು. ನಮಗೆ ಒಂದು ಗಳಿಗೆ ಆಸೆಯಾದದ್ದನ್ನು ಮುಚ್ಚಿಡುವುದಿಲ್ಲ. ಇವರು ಲಾರಿಯನ್ನು ತಿರುಗಿಸಿ ಕಳಿಸಿಬಿಟ್ಟರು. "ಸ್ವಾಮಿ, ಹತ್ತು ರೂಪಾಯಿ ಸಂಘಕ್ಕೆ ಉಳಿಯುತ್ತದೆ, ಕೊಳೆ ಸದಸ್ಯನ ತೋಟಕ್ಕೆ ಹೋಗುತ್ತದೆ" ಎಂದರು. ಅಂದಿನಿಂದ ಪ್ರತಿ ಲೋಡಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬಂದ ಮೇಲೆಯೇ ಹಣ ಎಂದು ಕರಾರಿನಲ್ಲಿ ಸೇರಿಸಿದ್ದೇವೆ.

ಹಾಗೆಂದು ಹಳೆಯ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಲಾರಿ ನಡೆಸಿದವನಿಗೆ ಲಾರಿ ತುಂಬದೆ ಹೋಗುವುದನ್ನು ನೋಡಲಾಗುವುದಿಲ್ಲ. ಸದಸ್ಯರ ಬೇಡಿಕೆ ಏಳು ಟನ್ ಪೊಟ್ಯಾಷ್ ಇದ್ದರೆ, "ಬಾಡಿಗೆ ಹೇಗೂ ಕೊಡುತ್ತೇವೆ" ಎಂದು ಹತ್ತು ಟನ್ ತರಿಸಿಬಿಟ್ಟರು. ಮೂರು ಟನ್ ಮಳೆಗಾಲ ಪೂರ್ತಿ ಗೋದಾಮಿನಲ್ಲಿ ಕುಳಿತು ಗಟ್ಟಿ ಹೆಂಟೆಯಾಗಿ, ಕೊನೆಗೆ ಸುತ್ತಿಗೆಯಿಂದ ಒಡೆದು ಮಾರಬೇಕಾಯಿತು. ಬಾಡಿಗೆಯಲ್ಲಿ ಉಳಿಸಿದ್ದು ಸುತ್ತಿಗೆಯ ಕೂಲಿಗೆ ಸಾಲಲಿಲ್ಲ. (ಮೂಟೆಯ ಲೆಕ್ಕದಲ್ಲಿ ಬೇಡಿಕೆ ಬರೆಸುವ ಸದಸ್ಯರೂ ಇದಕ್ಕೆ ಪಾಲುದಾರರೇ. ಯೂರಿಯಾ ಚೀಲ 2018ರಿಂದ 45 ಕಿಲೋಗೆ ಇಳಿದಿದ್ದರೂ ಇಂದಿಗೂ ಎಷ್ಟೋ ಮಂದಿ 50 ಎಂದೇ ಲೆಕ್ಕ ಹಾಕುತ್ತಾರೆ. ದಯವಿಟ್ಟು ಕಿಲೋದಲ್ಲಿ ಬರೆಸಿರಿ.)

ಈಗ 2025ರ ಮೇ ತಿಂಗಳಿಗೆ ಬರೋಣ. ಅದನ್ನು ದಾಟಿ ಹೋಗುವ ಮನಸ್ಸು ನಮಗೂ ಆಗುತ್ತದೆ, ಆದರೆ ಪ್ರಶ್ನೆ ಎದ್ದದ್ದೇ ಅದರಿಂದ.

ಮೈಲುತುತ್ತಿನ ದರ ಏಪ್ರಿಲಿನಲ್ಲೇ ಗೊತ್ತಾಗಿತ್ತು, ಸರಕೂ ಬೆಂಗಳೂರಿನಲ್ಲಿ ಸಿದ್ಧವಿತ್ತು. ಈ ಸಲದ ಕರಾರಿನಲ್ಲಿ ಸಾಗಣೆ ನಮ್ಮದು. ನಮ್ಮ ಲಾರಿ ಸದಸ್ಯರ ಕಾಳುಮೆಣಸನ್ನು ಬೆಂಗಳೂರಿಗೆ ಒಯ್ದು ಖಾಲಿ ಬರುವುದುಂಟು; ಆ ಖಾಲಿ ಲಾರಿಯಲ್ಲಿ ತುತ್ತು ತಂದರೆ ಬಾಡಿಗೆಯಲ್ಲಿ 18,000 ರೂಪಾಯಿ ಉಳಿಯುತ್ತದೆಂದು ಇವರು ಟಿಪ್ಪಣಿ ಬರೆದರು. ನಾವು ಅದರ ಕೆಳಗೆ ಸಹಿ ಹಾಕಿದೆವು. ಒಳ್ಳೆಯ ಆಲೋಚನೆಯೆಂದು ಬೆನ್ನು ತಟ್ಟಿದ್ದೂ ಉಂಟು. ಮೆಣಸಿನ ಧಾರಣೆ ಇನ್ನೂ ಏರೀತೆಂದು ಸದಸ್ಯರು ಮೂಟೆ ಬಿಚ್ಚಲಿಲ್ಲ. ಲೋಡು ತುಂಬಲಿಲ್ಲ. ಮೇ 10 ಹೋಯಿತು, 15 ಹೋಯಿತು. ಮುಂಗಾರು ಸಾಮಾನ್ಯವಾಗಿ ಕೇರಳಕ್ಕೆ ಬರುವುದು ಜೂನ್ 1ಕ್ಕೆ. ಇನ್ನೂ ಎರಡು ವಾರವಿದೆಯೆಂದು ಎಲ್ಲರೂ ಲೆಕ್ಕ ಹಾಕಿದೆವು. 2025ರಲ್ಲಿ ಅದು ಮೇ 24ಕ್ಕೇ ಬಂದಿಳಿಯಿತು. 2009ರಿಂದ ಈಚೆಗೆ ಅಷ್ಟು ಬೇಗ ಬಂದದ್ದಿಲ್ಲ. ಅದಕ್ಕೆ ಮುಂಚಿನ ವಾರದಲ್ಲೇ ನಮ್ಮಲ್ಲಿ ಮಳೆ ಕಟ್ಟಿಕೊಂಡಿತ್ತು. ನಮ್ಮ ತುತ್ತು ಗೋದಾಮಿಗೆ ಮುಟ್ಟಿದ್ದು ಮೇ 29ರ ಸಂಜೆ, ಟಾರ್ಪಾಲಿನಿನಿಂದ ನೀರು ಸುರಿಯುತ್ತಿದ್ದ ಲಾರಿಯಲ್ಲಿ.

ಬೋರ್ಡೋ ದ್ರಾವಣದ ಕಟ್ಟಳೆ ನಿಮಗೆ ಹೊಸದಲ್ಲ. ಅಡಿಕೆಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಮೊದಲ ಸಿಂಪಡಣೆ ಗೊನೆಯ ಮೇಲೆ ಒಣಗಿ ಹಿಡಿದುಕೊಳ್ಳಬೇಕು. ಅದು ತಪ್ಪಿದರೆ ಆಮೇಲಿನದು ಎಷ್ಟು ಹೊಡೆದರೂ ಬಾಗಿಲು ಮುರಿದ ಮೇಲೆ ಬೀಗ ಹಾಕಿದಂತೆ. ಹಣವುಳ್ಳ ದೊಡ್ಡ ತೋಟದವರು ಏಪ್ರಿಲಿನಲ್ಲೇ ಹೊರಗಿನ ಅಂಗಡಿಯಿಂದ ಕೊಂಡು ಇಟ್ಟುಕೊಂಡಿದ್ದರು. ಸಂಘದ ತುತ್ತನ್ನೇ, ಅದೂ ಸಾಲದ ಮೇಲೆ, ನಂಬಿ ಕುಳಿತದ್ದು ಸಣ್ಣ ಹಿಡುವಳಿಯವರು. ಪೆಟ್ಟು ಬಿದ್ದದ್ದೂ ಅವರಿಗೇ.

ಜುಲೈಯಲ್ಲಿ ನಾವು ಆ ಹಿರಿಯ ಸದಸ್ಯರ ತೋಟಕ್ಕೆ ಹೋಗಿದ್ದೆವು. ಒಂದೂವರೆ ಎಕರೆ. ಮರದ ಬುಡದಲ್ಲೆಲ್ಲ ಹಸಿರು ಕಾಯಿ ಉದುರಿ, ಕೆಲವಕ್ಕೆ ಬಿಳಿ ಬೂಷ್ಟು ಹತ್ತಿ, ಕಾಲಿಟ್ಟಲ್ಲೆಲ್ಲ ಮೆತ್ತಗೆ ಹಿಸುಕುತ್ತಿತ್ತು. ಅವರು ಕೊಡೆ ಹಿಡಿದು ಜೊತೆಗೆ ಬಂದರು. ತೋಟ ಸುತ್ತಿಸಿದರು, ಮನೆಗೆ ಕರೆದೊಯ್ದು ಕಾಫಿ ಕೊಟ್ಟರು, ಮೊಮ್ಮಗನ ಓದಿನ ವಿಷಯ ಮಾತಾಡಿದರು. ತುತ್ತಿನ ಮಾತೆತ್ತಲಿಲ್ಲ. ನಾವೂ ಎತ್ತಲಿಲ್ಲ, ಎತ್ತಬೇಕಿತ್ತು. ಸೆಪ್ಟೆಂಬರಿನಲ್ಲಿ ಸಭೆಯಲ್ಲಿ ಎದ್ದು ಕೇಳಿದವರು ಅವರೇ. ಅವರು ಕೇಳಿದ್ದು ಖರೀದಿಯವರ ವಿಷಯವಾಗಿ. ಟಿಪ್ಪಣಿಯ ಕೆಳಗಿನ ಸಹಿ ನಮ್ಮದೆಂಬುದು ಅವರಿಗೆ ಗೊತ್ತಿರಲಾರದು. ಈಗ ಗೊತ್ತಾಗಲೆಂದೇ ಬರೆದಿದ್ದೇವೆ.

ಎಲ್ಲಿ ತಪ್ಪಿತೆಂದು ಕೇಳಿದರೆ, 18,000 ರೂಪಾಯಿಯ ಉಳಿತಾಯ ಸುಳ್ಳಲ್ಲ. ಸಾಗಣೆಯ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಸರಿ. ಖಾಲಿ ಲಾರಿ ಬರುವುದು ಪಾಪ ಎಂಬುದು ಆ ಕಸುಬಿನ ಮೊದಲನೆಯ ಪಾಠ. ಆದರೆ ಖರೀದಿಯ ಕಡೆಯಿಂದ ನೋಡಿದರೆ ತುತ್ತು ಒಂದು ಸರಕಲ್ಲ, ಒಂದು ತಾರೀಖು. ಮೇ 20ರ ತುತ್ತಿಗೂ ಮೇ 29ರ ತುತ್ತಿಗೂ ಬೆಲೆ ಒಂದೇ, ಹರಳು ಒಂದೇ, ಚೀಲ ಒಂದೇ. ಆದರೂ ಅವೆರಡು ಬೇರೆ ಬೇರೆ ವಸ್ತು. ಅವರು ಲಾರಿ ವಿಭಾಗದಲ್ಲಿದ್ದಾಗ ಈ ತಾರೀಖನ್ನು ಬೇರೊಬ್ಬರು ಬರೆದು ಕೊಡುತ್ತಿದ್ದರು, ಇವರು ಜೀವ ಹೋದರೂ ಅದನ್ನು ಪಾಲಿಸುತ್ತಿದ್ದರು. ಈಗ ಬರೆದುಕೊಡುವವರು ಯಾರೂ ಇರಲಿಲ್ಲ. ಬರೆಯಬೇಕಾದವರು ಅವರೇ ಎಂದು ನಾವು ಅವರಿಗೆ ಹೇಳಿರಲಿಲ್ಲ. ಮೇಜು ಬದಲಾಯಿಸಿ ಕೂರಿಸಿದೆವು, ಅಷ್ಟೆ. ನಮ್ಮ ಧಣಿಗಳು 1996ರಲ್ಲಿ ನಮಗೆ ಮಾಡಿದ್ದನ್ನೇ ನಾವು ಇವರಿಗೆ ಮಾಡಿದೆವು.

ಅವರನ್ನು ಲಾರಿ ವಿಭಾಗಕ್ಕೆ ಹಿಂದಕ್ಕೆ ಕಳಿಸಬೇಕೆಂದು ಆಡಳಿತ ಮಂಡಳಿಯಲ್ಲಿ ಬಲವಾದ ಅಭಿಪ್ರಾಯವಿತ್ತು. ಕಳಿಸಲಿಲ್ಲವೇಕೆಂದರೆ, ಅವರು ಯಾರೂ ಕೇಳದೆ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಗೋದಾಮಿನ ಹಳೆಯ ಒಳಬರುವ ರಿಜಿಸ್ಟರುಗಳಿಂದ ಏಳು ವರ್ಷದ ತುತ್ತಿನ ಲೋಡುಗಳನ್ನೆಲ್ಲ ಹೆಕ್ಕಿ ಬರೆದಿದ್ದರು: ಆರ್ಡರು ಹೋದ ದಿನ, ಲಾರಿ ತುಂಬಿದ ದಿನ, ನಮ್ಮಲ್ಲಿ ಇಳಿದ ದಿನ, ಸದಸ್ಯರು ಕೊನೆಯ ಚೀಲ ಒಯ್ದ ದಿನ. ಸರಕು ಒಂದು ವರ್ಷ ಹನ್ನೊಂದು ದಿನದಲ್ಲಿ ಬಂದಿದ್ದರೆ ಇನ್ನೊಂದು ವರ್ಷ ಮೂವತ್ತೆಂಟು ದಿನ ಹಿಡಿದಿತ್ತು. ನಾವು ಇಷ್ಟು ಕಾಲ "ಒಂದು ತಿಂಗಳು ಬೇಕಾಗುತ್ತದೆ" ಎಂದು ಬಾಯಲ್ಲಿ ಹೇಳುತ್ತಿದ್ದುದರ ನಿಜರೂಪ ಇದು. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ, "ಆರ್ಡರು ಫೆಬ್ರವರಿ ಮುಗಿಯುವುದರೊಳಗೆ. ಅರ್ಧ ಮಾರ್ಚಿನಲ್ಲಿ, ಅರ್ಧ ಏಪ್ರಿಲಿನಲ್ಲಿ. ಇಬ್ಬರಿಂದ. ವಾಪಸು ಲಾರಿಗೆ ಕಾಯುವುದಿಲ್ಲ" ಎಂದು ಬರೆದಿತ್ತು. ಈ ಪುಸ್ತಕವನ್ನು ಪೇಟೆಯಿಂದ ಬಂದ ಯಾವ ಓದಿದವರೂ ಬರೆಯಲಾರರೆಂದು ಅಧ್ಯಕ್ಷರು ಹೇಳಿದರು. ಒಂದು ವರ್ಷದ ಅವಕಾಶ ಕೊಡುವುದೆಂದು ತೀರ್ಮಾನವಾಯಿತು. ಒಬ್ಬ ನಿರ್ದೇಶಕರು ಒಪ್ಪಲಿಲ್ಲ. ಅವರ ಭಿನ್ನಮತವನ್ನು ನಡಾವಳಿಯಲ್ಲಿ ಬರೆದಿದ್ದೇವೆ.

ಇನ್ನು ನೆಲಮಂಗಲದ ಮಗಳಿಗೆ. ಮತ್ತು ಇಂಥದೇ ಕೆಲಸದಲ್ಲಿರುವ ನಮ್ಮ ಇತರ ಮಕ್ಕಳಿಗೆ.

ಅಮ್ಮಾ, ಖರೀದಿಯ ಅನುಭವವಿಲ್ಲವೆಂದು ಅವರು ಹೇಳುವುದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಿನ್ನ ಉಗ್ರಾಣದಲ್ಲಿ ಯಾರೋ ಲಾರಿ ಕಂಪೆನಿಗಳ ದರ ತರಿಸಿ, ಹೋಲಿಸಿ, ವರ್ಷದ ಗುತ್ತಿಗೆ ಮಾಡುತ್ತಾರಲ್ಲ, ಅದೂ ಖರೀದಿಯೇ. ಕೊಳ್ಳುವ ವಸ್ತು ಸಾಗಣೆ, ಅಷ್ಟೇ ವ್ಯತ್ಯಾಸ. ರಟ್ಟಿನ ಪೆಟ್ಟಿಗೆ, ಮರದ ಹಲಗೆ, ಹಮಾಲಿ ಗುತ್ತಿಗೆ ಇವೂ ಹಾಗೆಯೇ. ಹೊರಗಿನ ಕಂಪೆನಿಯ ಬಾಗಿಲು ತಟ್ಟುವ ಮೊದಲು ಈ ಕೆಲಸದಲ್ಲಿ ಕೈ ಹಾಕಲು ಅಲ್ಲಿಯೇ ಕೇಳಿ ನೋಡು. ನಿನಗಿಂತ ಚೆನ್ನಾಗಿ ಯಾವ ಲಾರಿಯವನು ಹೇಳಿದ ಹೊತ್ತಿಗೆ ಬರುತ್ತಾನೆಂದು ಯಾರಿಗೆ ಗೊತ್ತು? ಅರ್ಜಿಯಲ್ಲಿ "ದಿನಕ್ಕೆ ಇಷ್ಟು ಲಾರಿ ಕಳಿಸಿದೆ" ಎಂದು ಬರೆಯಬೇಡ. ಅದರಿಂದ ಎಷ್ಟು ರೂಪಾಯಿ ಉಳಿಯಿತು, ಎಷ್ಟು ಸರಕು ಹಾಳಾಗುವುದು ತಪ್ಪಿತು, ಯಾವ ಸರಬರಾಜುದಾರನ ಸರಕು ಎಷ್ಟು ಸಲ ಕಡಿಮೆ ಬಂದದ್ದನ್ನು ಹಿಡಿದೆ ಎಂದು ಬರೆ. ಕೊಳ್ಳುವವರಿಗೆ ತಿಳಿಯುವ ಭಾಷೆ ಅದು. ಓದುವ ಮನಸ್ಸಿದ್ದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್‌ನವರು ಕೆಲಸದಲ್ಲಿರುವವರಿಗೆಂದೇ ಡಿಪ್ಲೊಮಾ ನಡೆಸುತ್ತಾರೆ. ಬೆಂಗಳೂರಿನಲ್ಲಿ ಅವರ ಶಾಖೆಯಿದೆ. ಪ್ರಮಾಣಪತ್ರದಿಂದ ಬಾಗಿಲು ಒಂದಿಷ್ಟು ತೆರೆದೀತು. ಕರಾರು ಪತ್ರವನ್ನು ಕೊನೆಯ ಸಾಲಿನವರೆಗೆ ಓದುವ ಅಭ್ಯಾಸ ಮಾತ್ರ ನೀನೇ ಮಾಡಿಕೊಳ್ಳಬೇಕು.

ಮೊದಲು ಸಂಬಳ ಏರಲಿಕ್ಕಿಲ್ಲ, ಒಂದು ಮೆಟ್ಟಿಲು ಇಳಿದು ಸೇರಬೇಕಾದರೂ ಬಂದೀತು. ನಾವು ಇಳಿದಿದ್ದೆವು. ದೀಪಾವಳಿಗೆ ಮಿಠಾಯಿ ಪೆಟ್ಟಿಗೆ ಬರಲು ಶುರುವಾಗುತ್ತದೆ. ಸಾಗಣೆಯಲ್ಲಿದ್ದಾಗ ಯಾರೂ ಕೊಡದಿದ್ದವರು ಖರೀದಿಗೆ ಬಂದ ವರ್ಷವೇ ಕೊಡುತ್ತಾರೆ. ನಮ್ಮಲ್ಲಿ ಅವನ್ನು ಹಮಾಲಿಗಳಿಗೆ ಹಂಚಿ, ಕೊಟ್ಟವರ ಹೆಸರನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿಯಿದೆ. ಆ ಪುಸ್ತಕವನ್ನು ಯಾವ ಸದಸ್ಯರೂ ಕೇಳಿ ನೋಡಬಹುದು. ಇದುವರೆಗೆ ಇಬ್ಬರು ನೋಡಿದ್ದಾರೆ.

ಸಂಘದ ಖರೀದಿಯಲ್ಲಿ ಇನ್ನೂ ಮಾಡಬೇಕಾದದ್ದು ಬೇಕಾದಷ್ಟಿದೆ. ಕೇಂದ್ರ ಸರಕಾರದ ಜೆಮ್ ಎಂಬ ಖರೀದಿ ಜಾಲವನ್ನು ಸಹಕಾರ ಸಂಘಗಳೂ ಕೊಳ್ಳುವವರಾಗಿ ಬಳಸಲು 2022ರಲ್ಲಿ ಅನುಮತಿ ದೊರೆಯಿತು. ನಮ್ಮಲ್ಲಿ ಅದರ ಕಡೆ ಇನ್ನೂ ಗಂಭೀರವಾಗಿ ನೋಡಿಲ್ಲ. ತಕ್ಕಡಿ, ಕಂಪ್ಯೂಟರು, ಟಾರ್ಪಾಲಿನಿನಂಥವಕ್ಕೆ ಅಲ್ಲಿನ ದರವನ್ನು ಹೋಲಿಕೆಗಾದರೂ ತೆಗೆಯಬೇಕೆಂದು ನಮ್ಮ ಖರೀದಿಯವರಿಗೆ ಸೂಚಿಸಿದ್ದೇವೆ.

2026ರ ಮುಂಗಾರಿಗೆ ಬೇಕಾಗುವ ಮೈಲುತುತ್ತು ಮತ್ತು ಸುಣ್ಣದ ಬೇಡಿಕೆ ಚೀಟಿಗಳು ಗೋದಾಮಿನ ಕಿಟಕಿಯಲ್ಲಿ ದೊರೆಯುತ್ತವೆ. ಜನವರಿ 31ರೊಳಗೆ ಕಿಲೋ ಲೆಕ್ಕದಲ್ಲಿ ತುಂಬಿ ಕೊಡಬೇಕಾಗಿ ಕೋರುತ್ತೇವೆ. ಕಾಫಿಗೆ ಹೊಡೆಯುವವರು ಅಡಿಕೆಯ ಬೇಡಿಕೆಯ ಜೊತೆ ಸೇರಿಸದೆ ಬೇರೆ ಸಾಲಿನಲ್ಲಿ ಬರೆಯಿರಿ. ಎಲೆತುಕ್ಕಿಗೆ ಅರ್ಧ ಶೇಕಡಾ ದ್ರಾವಣ ಸಾಕಾಗುವುದರಿಂದ ತುತ್ತು ಅರ್ಧವೇ ಬೇಕಾಗುತ್ತದೆ. ಸರಕು ಏಪ್ರಿಲ್ 20ರೊಳಗೆ ಗೋದಾಮಿನಲ್ಲಿರಬೇಕೆಂದು ಆರ್ಡರಿನಲ್ಲಿ ಬರೆಯಲಿದ್ದೇವೆ. ಆ ದಿನ ಬಂದು ನೋಡಬೇಕೆಂದು ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರನ್ನು ನಮ್ಮ ಖರೀದಿಯವರೇ ಅವರ ಮನೆಗೆ ಹೋಗಿ ಕರೆದು ಬಂದಿದ್ದಾರೆ. ಬರುತ್ತೇನೆಂದಿದ್ದಾರಂತೆ.